ಮಂತ್ರಿ ಕೊಡಲ್ಲ ಅಂದರೆ ಸಾಕು, ಸರ್ಕಾರ ಬಿತ್ತು

ಪ್ರಶ್ನೆ: 1930ರ ದಶಕದ ಜಪಾನಿನಲ್ಲಿ ಸಂಸತ್ತು, ಪಕ್ಷ, ಚುನಾವಣೆ ಎಲ್ಲ ಇತ್ತು. ಆದರೂ ದೇಶ ಸೇನೆಯ ಕೈಗೆ ಹೋಗಿದ್ದು ಹೇಗೆ? ಜನ ಯಾಕೆ ಸುಮ್ಮನಿದ್ದರು?

ಉತ್ತರ: ದಂಗೆಗಳು ನಡೆದವು, ಆದರೆ ಒಂದೂ ಗೆಲ್ಲಲಿಲ್ಲ. ವಿಚಿತ್ರ ಅಂದರೆ, ಸೋತ ದಂಗೆಗಳಿಂದಲೇ ಸೇನೆಗೆ ಜಾಸ್ತಿ ಲಾಭವಾಯಿತು.

25 ತುಂಬಿದ ಗಂಡಸರಿಗೆಲ್ಲ ಅಲ್ಲಿ ಮತದ ಹಕ್ಕು ಕೊಟ್ಟಿದ್ದು 1925ರಲ್ಲಿ. ಆದರೆ ಬುಡದಲ್ಲೇ ಒಂದು ತೂತಿತ್ತು. 1889ರ ಸಂವಿಧಾನದಲ್ಲಿ ಸೇನೆಯ ಮುಖ್ಯಸ್ಥ ಚಕ್ರವರ್ತಿ. ನಾವು ಲೆಕ್ಕ ಒಪ್ಪಿಸಬೇಕಾದ್ದು ಅವರಿಗೆ, ಪ್ರಧಾನಿಗಲ್ಲ ಅನ್ನುವುದು ಸೇನಾಧಿಕಾರಿಗಳ ವಾದ.

1931ರ ಸೆಪ್ಟೆಂಬರ್ 18ರ ರಾತ್ರಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮುಕ್ಡೆನ್ ನಗರದ ಹತ್ತಿರ, ಜಪಾನಿನದೇ ರೈಲು ಹಳಿಗೆ ಜಪಾನಿನ ಸೈನಿಕರೇ ಸಿಡಿಮದ್ದು ಇಟ್ಟರು. ಸ್ವಲ್ಪ ಹೊತ್ತಿಗೆ ಅದೇ ಹಳಿ ಮೇಲೆ ಒಂದು ರೈಲು ಆರಾಮಾಗಿ ಹಾದುಹೋಯಿತು, ಅಷ್ಟೇ ಹಾನಿ! ತಪ್ಪು ಚೀನೀಯರ ತಲೆಗೆ ಕಟ್ಟಿ ಮಂಚೂರಿಯಾವನ್ನೇ ನುಂಗಿದರು. ಜಗಳ ಬೆಳೆಸಬೇಡಿ ಅಂತ ಟೋಕಿಯೋದ ಸಂಪುಟ ಹೇಳಿತು. ಕೇಳುವವರು ಯಾರು?

ಜನ ಸುಮ್ಮನಿರಲಿಲ್ಲ, ಚಪ್ಪಾಳೆ ತಟ್ಟಿದರು. ಪತ್ರಿಕೆಗಳಿಗೂ ಹಬ್ಬ. ಆಗ ಅಮೆರಿಕದಲ್ಲಿ ರೇಷ್ಮೆ ಕೇಳುವವರಿಲ್ಲದೆ ಜಪಾನಿನ ಹಳ್ಳಿಗಳು ಕಂಗಾಲಾಗಿದ್ದವು. ಗೂಡಿನ ಬೆಲೆ ಬಿದ್ದರೆ ಏನಾಗುತ್ತದೆ ಅಂತ ರಾಮನಗರದವರಿಗೆ ನಾನು ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ಹೊಸ ಭೂಮಿ ಬಂತು ಅಂದರೆ ಯಾರಿಗೆ ಬೇಡ?

1932ರ ಮೇ 15ರಂದು ನೌಕಾಪಡೆಯ ಯುವ ಅಧಿಕಾರಿಗಳು ಪ್ರಧಾನಿ ಇನುಕಾಯ್ ಮನೆಗೆ ನುಗ್ಗಿದರು. ಅವರಿಗೆ 76 ವರ್ಷ. ಮಾತಾಡೋಣ ಅಂತ ಇನುಕಾಯ್ ಅಂದರು, ಬಂದವರು ಗುಂಡು ಹೊಡೆದರು. ವಿಚಾರಣೆ ವೇಳೆ ಅವರಿಗೆ ಕ್ಷಮಾದಾನ ಕೇಳಿ ಜನರಿಂದ ರಾಶಿ ರಾಶಿ ಅರ್ಜಿ ಬಂದವು, ಯಾವ ಅಧಿಕಾರಿಗೂ ಗಲ್ಲಾಗಲಿಲ್ಲ. ಮುಂದೆ ಎರಡನೇ ಮಹಾಯುದ್ಧ ಮುಗಿಯುವವರೆಗೆ ಯಾವ ಪಕ್ಷದ ನಾಯಕನೂ ಪ್ರಧಾನಿ ಆಗಲಿಲ್ಲ.

1936ರ ಫೆಬ್ರವರಿ 26ರ ದಂಗೆಯಲ್ಲಿ ಭೂಸೇನೆಯ ಯುವ ಅಧಿಕಾರಿಗಳು ಹಣಕಾಸು ಮಂತ್ರಿ ತಕಾಹಾಶಿಯನ್ನು ಕೊಂದರು. ಸೇನೆಗೆ ಕೇಳಿದಷ್ಟು ದುಡ್ಡು ಕೊಡಲಿಲ್ಲ ಅನ್ನುವ ಸಿಟ್ಟು. ಈ ಸಲ ಮುಖಂಡರಿಗೆ ಮರಣದಂಡನೆ ಆಯಿತು. ಆದರೆ ಅದೇ ವರ್ಷ ಹಳೇ ನಿಯಮವೊಂದು ವಾಪಸ್ ಬಂತು: ಭೂಸೇನೆ, ನೌಕಾಪಡೆಯ ಮಂತ್ರಿಗಳು ಸೇವೆಯಲ್ಲಿರುವ ಅಧಿಕಾರಿಗಳೇ ಆಗಿರಬೇಕು. ನನ್ನ ಪ್ರಕಾರ ಬಂದೂಕಿಗಿಂತ ಈ ಕಾಗದವೇ ಜಾಸ್ತಿ ಕೆಲಸ ಮಾಡಿತು. 1937ರಲ್ಲಿ ಉಗಾಕಿ ಸರ್ಕಾರ ರಚಿಸಲು ಹೊರಟರು. ಅವರೂ ಸೇನೆಯ ಜನರಲ್ ಆಗಿದ್ದವರೇ! ಆದರೆ ಹಿಂದೆ ಮಂತ್ರಿಯಾಗಿದ್ದಾಗ ಸೇನೆಯ 4 ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ತುಕಡಿ) ಕಡಿತ ಮಾಡಿದ್ದರು. ಸೇನೆ ತನ್ನ ಕಡೆಯಿಂದ ಮಂತ್ರಿಯನ್ನೇ ಕೊಡಲಿಲ್ಲ, ಮಂತ್ರಿ ಇಲ್ಲದೆ ಸಂಪುಟ ಆಗುವ ಹಾಗಿಲ್ಲ. ಅಲ್ಲಿಗೆ ಮುಗೀತು.

1940ರಲ್ಲಿ ಸಂಸದ ಸೈಟೋ ತಕಾವೊ ಸದನದಲ್ಲೇ ಎದ್ದುನಿಂತು, 1937ರಿಂದ ನಡೆಯುತ್ತಿದ್ದ ಚೀನಾ ಯುದ್ಧ ಯಾತಕ್ಕೆ ಅಂತ ಕೇಳಿದರು. ಅವರನ್ನು ಹೊರಹಾಕಿದ್ದು ಸೇನೆಯಲ್ಲ, ಜೊತೆಗಿದ್ದ ಸಂಸದರು. ಹೊರಹಾಕುವುದು ಬೇಡ ಅಂತ ಮತ ಹಾಕಿದವರು 7 ಮಂದಿ. ಅದೇ ವರ್ಷ ಪಕ್ಷಗಳೆಲ್ಲ ತಾವಾಗಿಯೇ ಬಾಗಿಲು ಮುಚ್ಚಿದವು. 1942ರಲ್ಲಿ ಮತ್ತೆ ಚುನಾವಣೆ ಬಂತು. ಸರ್ಕಾರದ ಶಿಫಾರಸು ಇಲ್ಲದೆ ನಿಂತ ಸೈಟೋ ಅವರನ್ನು ಹ್ಯೋಗೋ ಪ್ರಾಂತ್ಯದ ಮತದಾರರು ಗೆಲ್ಲಿಸಿ ಕಳಿಸಿದರು.