ಮನದ ಮಾತು: ಕುಡಿತ ಬಿಡಬೇಕು, ಡಾಕ್ಟರಿಗೆ ಎಲ್ಲ ಹೇಳಲೇ?

ಪ್ರಶ್ನೆ: ನಾನು 31 ವರ್ಷದ ಹೆಣ್ಣು. ಬೆಂಗಳೂರಿನಲ್ಲಿ ಗೆಳತಿಯೊಂದಿಗೆ ಸಂಗಾತಿಯಾಗಿ ಬಾಳುತ್ತಿದ್ದೇನೆ. ಮನೆಯವರಿಗೆ ಅವಳು ಬರೀ ರೂಮ್‌ಮೇಟ್. ಮದುವೆಗೆ ಒತ್ತಾಯ ನಿಂತಿಲ್ಲ. ದಿನಾ ರಾತ್ರಿ ಒಂದು ಕ್ವಾರ್ಟರ್ ವಿಸ್ಕಿ ಬೇಕು, ಕೆಲವೊಮ್ಮೆ ಜೊತೆಗೆ ಆತಂಕ ತಗ್ಗಿಸುವ ಆಲ್‌ಪ್ರಜೋಲಮ್ ಮಾತ್ರೆ. ಬೆಳಿಗ್ಗೆ ಕೈ ನಡುಗುತ್ತದೆ. ಒಂದೇ ಸಲಕ್ಕೆ ಬಿಟ್ಟುಬಿಡಲೇ? ಡಾಕ್ಟರು ನಮ್ಮ ಸಂಬಂಧವನ್ನೇ ರೋಗ ಅಂದರೆ?
- ಹೆಸರು ಬೇಡ, ಬೆಂಗಳೂರು

ಉತ್ತರ: ಒಂದೇ ಸಲಕ್ಕೆ ಬಿಡಬೇಡಿ. ಬೆಳಗಿನ ಕೈನಡುಕ, ದೇಹ ಮದ್ಯಕ್ಕೆ ಒಗ್ಗಿಹೋಗಿರುವುದರ ಗುರುತು. ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಜ್ವರ, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾಗುತ್ತದೆ. ಅದು ಜೀವಕ್ಕೇ ಅಪಾಯ. ಆಲ್‌ಪ್ರಜೋಲಮ್ ದಿನಾ ತೆಗೆದುಕೊಳ್ಳುವ ಮಟ್ಟಕ್ಕೆ ಹೋಗಿದ್ದರೆ ಅದನ್ನೂ ವಾರಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಇವತ್ತಿನಿಂದಲೇ ನಿಲ್ಲಬೇಕಾದದ್ದು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು: ನಿದ್ದೆಯಲ್ಲೇ ಉಸಿರು ನಿಧಾನವಾಗಿ ನಿಂತುಹೋಗಬಹುದು.

30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್. ನಿಮ್ಮ 180 ಮಿ.ಲೀ. ಅಂದರೆ ದಿನಕ್ಕೆ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆಂಗಸರಿಗೆ 40 ಗ್ರಾಂ ದಾಟಿದರೇ ಹೆಚ್ಚಿನ ಅಪಾಯ. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ; ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯ ಹೆಚ್ಚಾಗುತ್ತದೆ, ಲಿವರ್ ಬೇಗ ಕೆಡುತ್ತದೆ.

ಆಸ್ಪತ್ರೆಗೆ ಹೋಗುವ ಮುನ್ನ ಎಷ್ಟು ಹೊತ್ತಿಗೆ, ಎಷ್ಟು ಮಿ.ಲೀ., ಎಷ್ಟು ಮಿ.ಗ್ರಾಂ ಮಾತ್ರೆ, ಅದಕ್ಕೆ ಮುಂಚೆ ಏನಾಯಿತು ಎಂದು ಬರೆದಿಡಿ. ಊರಿಂದ ಫೋನ್ ಬಂದ ರಾತ್ರಿಗಳಲ್ಲಿ ಅಳತೆ ಏರಿದ್ದರೆ ಚಿಕಿತ್ಸೆಗೆ ಅದೇ ದಾರಿ ತೋರಿಸುತ್ತದೆ. ನಡುಕ ತಡೆಯಲು ಡಯಾಜೆಪಾಮ್, ಲಿವರ್ ಸರಿಯಿಲ್ಲದಿದ್ದರೆ ಲೊರಾಜೆಪಾಮ್ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1, ಬೇಕೇ ಬೇಕು. ಸುಸ್ತೆಂದು ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಳ್ಳಬೇಡಿ. ಬಿ1 ಕೊರತೆಯಿದ್ದಾಗ ಅದು ಮೆದುಳಿಗೆ ಪೆಟ್ಟು ಕೊಡಬಹುದು.

ಇನ್ನು ನಿಮ್ಮ ಭಯ. ಹೆಣ್ಣು ಹೆಣ್ಣನ್ನು ಪ್ರೀತಿಸುವುದು ರೋಗವಲ್ಲ. ಅಮೆರಿಕದ ದೊಡ್ಡ ಸಮೀಕ್ಷೆಗಳಲ್ಲಿ ಲೆಸ್ಬಿಯನ್ ಮತ್ತು ಬೈಸೆಕ್ಷುಯಲ್ ಹೆಂಗಸರಲ್ಲಿ ಕುಡಿತದ ತೊಂದರೆ, ಖಿನ್ನತೆ ಎರಡೂ ಇತರ ಹೆಂಗಸರಿಗಿಂತ ಹೆಚ್ಚು ಕಂಡಿವೆ. ಸಂಶೋಧಕರು ಕಾರಣ ಹುಡುಕಿದ್ದು ಒಲವಿನಲ್ಲಲ್ಲ. ಬಚ್ಚಿಟ್ಟು ಬದುಕುವ, ತಿರಸ್ಕಾರಕ್ಕೆ ಸದಾ ಹೆದರುವ ಒತ್ತಡದಲ್ಲಿ. ಒಲವು ಬದಲಿಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಲೈಂಗಿಕ ಒಲವಿನ ಆಧಾರದ ಮೇಲೆ ಭೇದ ಮಾಡಬಾರದು ಎನ್ನುತ್ತದೆ. 23ನೇ ಕಲಂ ಗುಟ್ಟು ಕಾಯುತ್ತದೆ. ಹೀಗೆ ಹೇಳಿ: “ನನ್ನ ಸಂಗಾತಿ ಹೆಂಗಸು. ಅದಕ್ಕೆ ಚಿಕಿತ್ಸೆ ಬೇಡ, ಕುಡಿತಕ್ಕೆ ಬೇಕು.” ಮುಖ ಸಿಂಡರಿಸಿದರೆ ಬೇರೆ ವೈದ್ಯರನ್ನು ನೋಡಿ.

ಹೆಚ್ಚಿನವರಿಗೆ ಗೊತ್ತಿರದ ಒಂದು ಅನುಕೂಲ ಅದೇ ಕಾಯ್ದೆಯ 14ನೇ ಕಲಮಿನಲ್ಲಿದೆ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ, ಗೆಳತಿಯನ್ನೇ ನಿಮ್ಮ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ತೀರ್ಮಾನಗಳಲ್ಲಿ ನಿಮಗೆ ನೆರವಾಗುವವಳು, ಮಾಡಬಹುದು; ಅವಳೂ ಒಪ್ಪಿರಬೇಕು. ಬರೆಯದಿದ್ದರೆ ಆ ಜಾಗ ಮೊದಲು ಸಂಬಂಧಿಕರಿಗೆ ಹೋಗುತ್ತದೆ. ದಾಖಲಾಗುವ ಮುಂಚೆಯೇ ಬರೆದಿಡಿ.

ಪ್ರಶ್ನೆ: ತಂಗಿ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದಳು. ನಾವು ಬಿಡಿಸಿದ ಮೇಲೆ ಕುಡಿಯಲು ಶುರು ಮಾಡಿದ್ದಾಳೆ. ಗೊತ್ತಾಗದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಪುಡಿ ಹಾಕಬಹುದೇ?
- ಒಬ್ಬ ಅಕ್ಕ, ದಾವಣಗೆರೆ

ಉತ್ತರ: ಖಂಡಿತ ಬೇಡ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಸಾವೂ ಆಗಬಹುದು. ಒಪ್ಪಿಗೆ ಪಡೆದು, ಲಿವರ್ ಪರೀಕ್ಷಿಸಿ, ವೈದ್ಯರಷ್ಟೇ ಕೊಡುವ ಔಷಧ ಅದು. ಮದುವೆ ಮಾತು ನಿಲ್ಲಿಸಿ, ಅವಳ ಫೋನು ಅವಳಿಗೆ ಕೊಡಿ. ‘ನೀನು ಹೇಗಿದ್ದರೂ ನನ್ನ ತಂಗಿ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಕುಡಿತದ ಮಾತೆತ್ತಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವಳನ್ನೇ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇಟ್ಟು, ಒಬ್ಬಳನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.