ಹುಲ್ಲುಹಾಸಿನ ಉಬ್ಬುತಗ್ಗಿಗೆ ರೋಲರ್ ಮದ್ದಲ್ಲ

ಪ್ರಶ್ನೆ: ಮೇಡಂ, ಮನೆ ಕಟ್ಟಿ ಎರಡು ವರ್ಷವಾಯಿತು. ಮುಂದಿನ 20 ಅಡಿ ಉದ್ದ, 15 ಅಡಿ ಅಗಲದ ಜಾಗದಲ್ಲಿ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೇವೆ. ಈಗ ಗೇಟಿನಿಂದ ಸಂಪಿನವರೆಗೆ ಉದ್ದಕ್ಕೆ ಕುಸಿದು ಮಳೆನೀರು ನಿಲ್ಲುತ್ತಿದೆ. ಕಾಂಪೌಂಡ್ ಪಕ್ಕ ಉಬ್ಬಿದೆ. ಉಳಿದ ಕಡೆ ಸಣ್ಣ ಸಣ್ಣ ತಗ್ಗುಗಳು. ಮಾಲಿ ರೋಲರ್ ಹೊಡೆಸಿ ಎನ್ನುತ್ತಾರೆ. ಹೊಡೆಸಬಹುದೇ?
ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಬೇಡ. ರೋಲರ್ ತಗ್ಗನ್ನು ತುಂಬುವುದಿಲ್ಲ, ಮಣ್ಣನ್ನು ಗಟ್ಟಿ ಮಾಡುತ್ತದೆ ಅಷ್ಟೆ. ಆಗ ಬೇರಿಗೆ ಗಾಳಿ ಸಿಗುವುದಿಲ್ಲ, ನೀರೂ ಇಂಗುವುದಿಲ್ಲ. ಹೊಸ ಹುಲ್ಲು ಹಾಸಿದಾಗ ಬೇರು ಮಣ್ಣಿಗೆ ಅಂಟಲಿ ಎಂದು ಹಗುರವಾಗಿ ಉರುಳಿಸುವುದು ಬೇರೆ ಮಾತು.

ಗೇಟಿನಿಂದ ಸಂಪಿಗೆ ನೇರವಾಗಿ ಕುಸಿದಿದೆ ಎಂದರೆ ಅಲ್ಲಿ ನೀರಿನ ಪೈಪ್ ಹೋಗಿರಬೇಕು, ಅಲ್ವಾ? ಪೈಪ್ ಹಾಕಿದ ಮೇಲೆ ದಮ್ಮಸ್ಸು ಮಾಡದೆ, ಅಂದರೆ ಬಡಿದು ಗಟ್ಟಿ ಮಾಡದೆ, ಸುಮ್ನೆ ಮಣ್ಣೆಳೆದು ಮುಚ್ಚಿದರೆ ಒಂದೆರಡು ಮಳೆಗಾಲಕ್ಕೆ ಹೀಗೆ ಇಳಿಯುತ್ತದೆ. ಮಳೆಯಿಲ್ಲದ ದಿನ, ನಲ್ಲಿ ನೀರು ಬಿಟ್ಟಾಗ ಆ ಜಾಗ ಒದ್ದೆಯಾಗುತ್ತದೆಯೇ ಮೊದಲು ನೋಡಿ. ಪೈಪ್ ಸೋರುತ್ತಿದ್ದರೆ ಎಷ್ಟು ಮಣ್ಣು ತುಂಬಿದರೂ ಮತ್ತೆ ಕುಸಿಯುತ್ತದೆ.

ಸೋರಿಕೆ ಇಲ್ಲ ಎಂದಾದರೆ ಸನಿಕೆಯಿಂದ ಎರಡು ಇಂಚು ದಪ್ಪಕ್ಕೆ ಹುಲ್ಲನ್ನು ಬೇರುಸಮೇತ ಎಬ್ಬಿಸಿ, ಚಾಪೆಯ ಹಾಗೆ ಸುತ್ತಿ ಪಕ್ಕಕ್ಕಿಡಿ. ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡುತ್ತಾ ಬನ್ನಿ. ಅಕ್ಕಪಕ್ಕಕ್ಕಿಂತ ಅರ್ಧ ಇಂಚು ಎತ್ತರವೇ ಇರಲಿ, ಆಮೇಲೆ ಕೂರುತ್ತದೆ. ಹುಲ್ಲನ್ನು ಅದೇ ದಿನ ವಾಪಸ್ ಹಾಸಿ, ನೀರು ಕೊಡಿ.

ಕಾಂಪೌಂಡ್ ಪಕ್ಕವೂ ಹೀಗೇ ಎಬ್ಬಿಸಿ ನೋಡಿ. ಹೊಸ ಮನೆಗಳಲ್ಲಿ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಮುದ್ದೆ ಅಲ್ಲೇ ಹೂತಿರುವುದು ಜಾಸ್ತಿ. ಅದನ್ನು ತೆಗೆದು ಒಳ್ಳೆಯ ಮಣ್ಣು ತುಂಬಿ. ಮರದ ಬೇರು ಸಿಕ್ಕಿದರೆ ಮಾತ್ರ ಕಡಿಯಬೇಡಿ. ಅಷ್ಟು ಜಾಗಕ್ಕೆ ಹುಲ್ಲಿನ ಬದಲು ನೆರಳಿನ ಗಿಡ ನೆಡಿ, ನೋಡಲಿಕ್ಕೂ ಚೆನ್ನ.

ಸಣ್ಣ ತಗ್ಗುಗಳಿಗೆ ಹುಲ್ಲು ಎಬ್ಬಿಸುವುದು ಬೇಡ. ಎರಡು ಪಾಲು ನಿಮ್ಮ ತೋಟದ್ದೇ ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಬೆರೆಸಿ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಕಾಲು ಇಂಚು ಮಾತ್ರ ಹರಡಿ. ಎಲೆಯ ತುದಿ ಕಾಣುತ್ತಿರಲೇಬೇಕು. ಪೂರ್ತಿ ಮುಚ್ಚಿದರೆ ಹುಲ್ಲು ಸಾಯುತ್ತದೆ. ನಿಮ್ಮ ಇಡೀ 300 ಚದರ ಅಡಿಗೆ ಹರಡಿದರೂ ಸುಮಾರು ಆರು ಘನ ಅಡಿ ಸಾಕು, ಲೋಡುಗಟ್ಟಲೆ ತರಿಸಬೇಡಿ. ಹುಲ್ಲು ಮೇಲೆ ಬಂದು ತುಂಬಿಕೊಂಡ ಮೇಲೆ ಇನ್ನೊಂದು ಪದರ ಹಾಕಿ. ಬರೀ ಎಂ-ಸ್ಯಾಂಡ್ ಸುರಿಯುವವರಿದ್ದಾರೆ. ಅದು ಜೇಡಿಮಣ್ಣಿನೊಂದಿಗೆ ಬೆರೆಯದೆ ಬೇರೆ ಪದರವಾಗಿಯೇ ಉಳಿದು ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಹೊರಗಿನ ಮಣ್ಣು ತಂದರೆ ತಪ್ಪದೆ ಜರಡಿ ಹಿಡಿಯಿರಿ. ಜೇಕು ಎಂಬ ಕಳೆಯ ಗಡ್ಡೆ ಒಮ್ಮೆ ಸೇರಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಇನ್ನೊಂದು ಮಾತು, ನೆಲ ಪೂರ್ತಿ ಮಟ್ಟವಾಗುವುದೂ ಬೇಡ. ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಇರಲಿ, ನೀರು ಮನೆಯ ಗೋಡೆಯಿಂದ ಆಚೆಗೆ ಹರಿಯಲಿ. ಗಾರೆಯವರ ರಸಮಟ್ಟ, ಒಂದು ದಾರ ಇದ್ದರೆ ನೀವೇ ನೋಡಿಕೊಳ್ಳಬಹುದು.

ಈ ಕೆಲಸವನ್ನು ಜೂನ್–ಜುಲೈನಲ್ಲಿ ಮಾಡಿ, ಆಗ ಹುಲ್ಲು ಬೇಗ ಚಿಗುರುತ್ತದೆ. ಡಿಸೆಂಬರ್–ಜನವರಿ ಚಳಿಯಲ್ಲಿ ಮಾತ್ರ ಕೈ ಹಾಕಬೇಡಿ.