ಹತ್ತು ಸಾವಿರ ಉಳಿಸಲು ಹೋಗಬೇಡಿ, ಮಾಸ್ತರರೇ

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಗದಗ-ಬೆಟಗೇರಿಯ ಹೈಸ್ಕೂಲ್ ಮಾಸ್ತರ. ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡು ಎಂಜಿನಿಯರಿಂಗ್ ಓದುವ ಮಗ ಟಿವಿಗೆ ಹಚ್ಚಿ ವಿಡಿಯೊ ಆಟ ಆಡುವ ಸೋನಿ ಕಂಪನಿಯ ಯಂತ್ರ, ಪ್ಲೇಸ್ಟೇಷನ್ 5, ಬೇಕೆಂದು ಹಟ ಹಿಡಿದಿದ್ದಾನೆ. ಕೊಪ್ಪಿಕರ ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಆಟ ತುಂಬಿದ ಡಿಸ್ಕ್ ಹಾಕುವಂಥದ್ದಕ್ಕೆ 54,990, ಡಿಸ್ಕ್ ಇಲ್ಲದ್ದಕ್ಕೆ 44,990. ‘ಈಗ ಡಿಸ್ಕ್ ಯಾರ್ ತಗೋತಾರ್ರಿ ಸರ, ಎಲ್ಲಾ ಡೌನ್‌ಲೋಡ್’ ಅಂದ ಅಂಗಡಿಯ ಹುಡುಗ. ತಮ್ಮನ ಮಗ ಅದೇ ರೊಕ್ಕದಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತೇನೆ ಅನ್ನುತ್ತಾನೆ. ನಮ್ಮ ಮನೆಯವರು ಎಲ್ಲರಿಗೂ ಬೈಯುತ್ತಿದ್ದಾರೆ. ಆಟದ ಡಬ್ಬಿಗೆ ಅರ್ಧ ಲಕ್ಷ ಹಾಕುವುದು ಸರಿಯೇ? ಹಾಕುವುದೇ ಆದರೆ ಆ ಹತ್ತು ಸಾವಿರ ಉಳಿಸಲೇ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಮಾಸ್ತರರೇ, ಹೆಸರು ಹಾಕಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಿಮ್ಮ ಮನೆಯವರು. ತಿಂಗಳ ಸಂಬಳ ಎಲ್ಲಿ ಹೋಗುತ್ತದೆಂಬ ಲೆಕ್ಕ ಅವರ ಹತ್ತಿರ ಇರುತ್ತದೆ, ಪತ್ರಿಕೆಯ ಕಚೇರಿಯಲ್ಲಿ ಇರುವುದಿಲ್ಲ. ಆದರೆ ಎರಡನೆಯ ಪ್ರಶ್ನೆಯನ್ನು ಕಡೆಯ ಸಾಲಿನಲ್ಲಿ, ಏನೋ ಚಿಲ್ಲರೆ ವಿಷಯ ಎಂಬಂತೆ ಕೇಳಿಬಿಟ್ಟಿದ್ದೀರಿ. ಗಣಿತ ಕಲಿಸುವವರು ನೀವಲ್ಲ ಎಂದುಕೊಂಡಿದ್ದೇನೆ. ಆಗಿದ್ದರೆ ಆ ಹತ್ತು ಸಾವಿರವನ್ನೇ ಮೊದಲು ಹಿಡಿಯುತ್ತಿದ್ದಿರಿ.

ಅಂಗಡಿಯ ಹುಡುಗ ಹೇಳಿದ್ದರಲ್ಲಿ ಖರೇ ಇಲ್ಲದಿಲ್ಲ. ಡಿಸ್ಕ್ ಇಲ್ಲದ ಯಂತ್ರ ತುಸು ಹಗುರ, ಅದರಲ್ಲಿ ತಿರುಗಿ ಸವೆಯುವ ಒಂದು ಭಾಗ ಕಡಿಮೆ. ಆಟ ಬದಲಿಸಲು ಹಾಸಿಗೆಯಿಂದ ಏಳಬೇಕಾಗಿಲ್ಲ. ಸೋನಿಯ ಆನ್‌ಲೈನ್ ಅಂಗಡಿಯಲ್ಲಿ ವರ್ಷಕ್ಕೆ ಹಲವು ಸಲ ಬೆಲೆ ಇಳಿಸುತ್ತಾರೆ, ಹಳೆಯ ಆಟಗಳು ಅರ್ಧಕ್ಕೂ ಕೆಳಗೆ ಸಿಗುತ್ತವೆ. ಇಷ್ಟು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ.

ದೊಡ್ಡ ಕಂಪನಿಯ ಹೊಸ ಆಟದ ಬೆಲೆ ನಮ್ಮಲ್ಲಿ ಐದು ಸಾವಿರದ ಆಸುಪಾಸು. ಡಿಸ್ಕ್ ಕೊಂಡರೆ, ಆಡಿ ಮುಗಿಸಿ ಒಂದೆರಡು ತಿಂಗಳೊಳಗೆ ಮಾರಿದಾಗ, ಗೀರು ಬೀಳದೆ ಇದ್ದರೆ, ಸಾಮಾನ್ಯವಾಗಿ ಮೂರು, ಮೂರೂವರೆ ಸಾವಿರ ಕೈಗೆ ಬರುತ್ತದೆ. ಅಂದರೆ ಆಡಿದ್ದಕ್ಕೆ ತಗುಲಿದ ಖರ್ಚು ಸುಮಾರು ಸಾವಿರದ ಎಂಟುನೂರು. ಡೌನ್‌ಲೋಡ್ ಮಾಡಿದ್ದಕ್ಕೆ ಐದು ಸಾವಿರ ಹೋಯಿತು, ಮಾರುವಂತಿಲ್ಲ. ವರ್ಷಕ್ಕೆ ನಾಲ್ಕು ಆಟ ಎಂದರೆ ಒಂದು ಕಡೆ 7,200, ಇನ್ನೊಂದು ಕಡೆ 20,000. ನೀವು ಉಳಿಸಿದ ಹತ್ತು ಸಾವಿರ ಮೊದಲ ವರ್ಷದಲ್ಲೇ ಹೋಗಿ ಮೇಲೆ ಎರಡು ಸಾವಿರದ ಎಂಟುನೂರು ಕೈಯಿಂದ ಬಿದ್ದಿರುತ್ತದೆ. ‘ನನ್ನ ಮಗ ತಾಳ್ಮೆಯವ, ಆಟ ಹಳತಾಗುವವರೆಗೆ ಕಾಯುತ್ತಾನೆ’ ಎನ್ನಬಹುದು. ಸರಿ, ಆ ಲೆಕ್ಕವನ್ನೂ ಹಾಕೋಣ. ಇಳಿದ ಬೆಲೆಯಲ್ಲಿ ಎರಡೆರಡು ಸಾವಿರಕ್ಕೆ ನಾಲ್ಕು ಡೌನ್‌ಲೋಡ್, ಎಂಟು ಸಾವಿರ. ಅದೇ ಆಟಗಳ ಹಳೆ ಡಿಸ್ಕ್ ಎರಡು ಸಾವಿರಕ್ಕೆ ತಗೊಂಡು ಒಂದೂವರೆಗೆ ದಾಟಿಸಿದರೆ ಒಟ್ಟು ಖರ್ಚು ಎರಡು ಸಾವಿರ. ಹೀಗಾದರೂ ಎರಡು ವರ್ಷ ತುಂಬುವ ಮೊದಲೇ ಹತ್ತು ಸಾವಿರ ಹುಟ್ಟುತ್ತದೆ.

ಇದೆಲ್ಲ ಮಾರುವ ಲೆಕ್ಕ. ಎರವಲಿನ ಲೆಕ್ಕ ಇನ್ನೂ ಬೇರೆ. ವಿದ್ಯಾನಗರದ ಒಂದೇ ಓಣಿಯಲ್ಲಿ ರೂಮ್ ಮಾಡಿರುವ ನಾಲ್ಕು ಹುಡುಗರ ಹತ್ತಿರ ಡಿಸ್ಕ್ ಯಂತ್ರ ಇದ್ದರೆ ನಾಲ್ಕು ಆಟ ಕೊಂಡು ನಾಲ್ವರೂ ಆಡುತ್ತಾರೆ, ಕಂಪನಿಯನ್ನು ಕೇಳಬೇಕಾಗಿಲ್ಲ. ಡೌನ್‌ಲೋಡ್ ಆಟವನ್ನು ಗೆಳೆಯನಿಗೆ ಕೊಡಬೇಕೆಂದರೆ ಖಾತೆಯ ಪಾಸ್‌ವರ್ಡ್ ಕೊಡಬೇಕು. ಹಾಗೆ ಕೊಟ್ಟು, ಜಗಳವಾಗಿ, ಇಡೀ ಖಾತೆ ಕಳೆದುಕೊಂಡ ಹುಡುಗರು ಕಾಲೇಜು ಊರುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ.

‘ಈಗ ಡಿಸ್ಕ್ ಇಲ್ಲದ್ದು ತಗೋರಿ, ಆಮೇಲೆ ಡ್ರೈವ್ ಹಚ್ಚಿದರಾಯ್ತು’ ಅಂತಲೂ ಅಂಗಡಿಯವರು ಹೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದ ಸ್ಲಿಮ್ (ತೆಳು) ಮಾದರಿಗೆ ಬಿಡಿ ಡ್ರೈವ್, ಅಂದರೆ ಡಿಸ್ಕ್ ಓದುವ ಭಾಗ, ಕೂರುತ್ತದೆ ನಿಜ. ಅಮೆರಿಕದಲ್ಲಿ ಅದಕ್ಕೆ 79.99 ಡಾಲರ್ ಇಟ್ಟಿದ್ದರು. ಆದರೆ ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದ ಕೂಡಲೇ ಎತ್ತಿ ಕೊಡುವ ವಸ್ತು ಅದಲ್ಲ. ಸಿಕ್ಕರೂ ಮೊದಲ ಸಲ ಕೂರಿಸಿದಾಗ ಇಂಟರ್ನೆಟ್ ಮೂಲಕ ಆ ಡ್ರೈವ್ ಈ ಯಂತ್ರದ್ದೇ ಎಂದು ಜೋಡಣೆ ಮಾಡಿಸಿಕೊಳ್ಳಬೇಕು. 2020ರ ದಪ್ಪ ಮಾದರಿಯಲ್ಲಂತೂ ಡ್ರೈವಿನ ಒಳಗಿನ ಬೋರ್ಡ್ ಆಯಾ ಯಂತ್ರದ ಮುಖ್ಯ ಬೋರ್ಡಿಗೇ (ಮದರ್‌ಬೋರ್ಡ್) ಬೆಸೆದ ಗಂಟು. ಬೇರೆ ಡ್ರೈವ್ ತಂದು ಹಾಕಿದರೆ ಆಟ ಓದುವುದೇ ಇಲ್ಲ, ಹಳೆ ಬೋರ್ಡನ್ನೇ ಕಿತ್ತು ಹೊಸ ಡ್ರೈವಿಗೆ ಕೂರಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಜಾಲತಾಣದಿಂದ ಬೋರ್ಡಿನ ಬೀಗ ತೆಗೆಯುವುದಿಲ್ಲವಲ್ಲ.

ಡಿಸ್ಕಿನ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಬಿಡುತ್ತೇನೆ. ಡಿಸ್ಕ್ ಇದ್ದರೆ ಯಂತ್ರದೊಳಗೆ ಜಾಗ ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಉಳಿಯುವುದಿಲ್ಲ. ಆಟ ಪೂರ್ತಿ ಯಂತ್ರದೊಳಗಿನ ಉಗ್ರಾಣವಾದ ಎಸ್‌ಎಸ್‌ಡಿಗೆ ನಕಲಾಗಿಯೇ ಓಡುತ್ತದೆ. ಆಡುವಾಗ ಡಿಸ್ಕ್ ಒಳಗಿರಬೇಕು, ಅಷ್ಟೇ. ಉಳಿಯುವುದು ಡೇಟಾ. ನೂರು ಜಿಬಿಯ ಆಟ 100 ಎಂಬಿಪಿಎಸ್ ಫೈಬರಿನಲ್ಲಿ ಇಳಿಯಲು ಎರಡು ಕಾಲು ಗಂಟೆ ಬೇಕು, 40ರಲ್ಲಿ ಐದೂವರೆ ಗಂಟೆ. ರೂಮಿನಲ್ಲಿ ಫೈಬರ್ ಇಲ್ಲ, ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಹಾಟ್‌ಸ್ಪಾಟೇ ಗತಿ ಎಂದಾದರೆ 67 ದಿನ. ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ ಬಂದಿರುತ್ತದೆ.

ಇನ್ನು ‘ಸ್ವಲ್ಪ ಕಾಯೋಣ, ಬೆಲೆ ಇಳಿಯುತ್ತದೆ’ ಎಂಬ ಹಿರಿಯರ ಬುದ್ಧಿ. ಒಂದು ಕಾಲಕ್ಕೆ ಅದು ಬರೋಬ್ಬರಿ ಇತ್ತು. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ರಲ್ಲಿ 299 ಡಾಲರಿಗೆ ಬಂದು 2009ಕ್ಕೆ 99ಕ್ಕೆ ಇಳಿದಿತ್ತು. ಈ ಸಲ ಗಾಡಿ ಹಿಂದುಮುಂದಾಗಿದೆ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾದರಿ 49,990 ಇತ್ತು. ಮರುವರ್ಷ ಅದೇ ಯಂತ್ರ 54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. ಹಬ್ಬದ ಹೊತ್ತಿಗೆ ಕೆಲವು ದಿನ ನಾಲ್ಕೈದು ಸಾವಿರ ಬಿಡುವುದುಂಟು, ಕಾಯುವುದಾದರೆ ಅದಕ್ಕೆ ಕಾಯಿರಿ. ಇದಕ್ಕಿಂತ ಶಕ್ತಿಯ ‘ಪ್ರೊ’ ಮಾದರಿ ಕೊಡಿಸು ಎಂದು ಮಗ ತಗಾದೆ ತೆಗೆದರೆ, ಅದರ ಹೊಸ ವೈಫೈ ಬಳಸುವ ತರಂಗಾಂತರಕ್ಕೆ ಆಗ ನಮ್ಮಲ್ಲಿ ಅನುಮತಿ ಇರದಿದ್ದ ಕಾರಣ 2024ರಲ್ಲಿ ಸೋನಿ ಅದನ್ನು ಇಲ್ಲಿ ಬಿಡುಗಡೆ ಮಾಡಲಿಲ್ಲ ಎಂದು ಹೇಳಿ. ಹೊರಗಿನಿಂದ ತರಿಸಿದ್ದು ಕೆಟ್ಟರೆ ಇಲ್ಲಿಯ ವಾರಂಟಿ ಸಿಗುವ ಭರವಸೆ ಇಲ್ಲ. ಮೇಲಾಗಿ ಅದರಲ್ಲೂ ಡಿಸ್ಕ್ ಡ್ರೈವ್ ಇಲ್ಲ!

ನಿಮ್ಮ ತಮ್ಮನ ಮಗನ ಮಾತು. ಎಂಜಿನಿಯರಿಂಗ್ ಹುಡುಗನ ಹತ್ತಿರ ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊದಲು ಅದು, ಆಟ ಆಮೇಲೆ. ಇದ್ದರೆ ಅದೇ 55 ಸಾವಿರದಲ್ಲಿ ಇನ್ನೊಂದು ಕಂಪ್ಯೂಟರ್ ಏಕೆ?

ಈಗ ಡಬ್ಬಿಯ ಮೇಲೆ ಬರೆಯದ ಖರ್ಚುಗಳು. ಡಿಸ್ಕ್ ಯಂತ್ರ ತಗೊಂಡಿರಿ ಎಂದುಕೊಂಡೇ ಹೇಳುತ್ತೇನೆ.

ಹೊಸ ಟಿವಿ ಬೇಡ. ಎಚ್‌ಡಿಎಂಐ ಇರುವ ಯಾವುದೇ ಟಿವಿಗೆ ಹಚ್ಚಬಹುದು, ಕೇಬಲ್ ಡಬ್ಬಿಯಲ್ಲೇ ಬರುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ, ಇಲ್ಲವಾದರೆ ಗುಂಡಿ ಒತ್ತಿದ ಮೇಲೆ ಆಟಗಾರ ಯೋಚಿಸಿ ಯೋಚಿಸಿ ಜಿಗಿಯುತ್ತಾನೆ. ವಿದ್ಯುತ್ತಿನ ಚಿಂತೆಯೂ ಬೇಡ: ಆಡುವಾಗ ಸುಮಾರು 200 ವ್ಯಾಟ್. ದಿನಕ್ಕೆ ಎರಡು ಗಂಟೆ ಎಂದರೆ ತಿಂಗಳಿಗೆ 12 ಯೂನಿಟ್. ಆದರೆ ಆ ರೂಮಿನ ಮೀಟರ್ ಗೃಹಜ್ಯೋತಿಯಲ್ಲಿದ್ದು ಬಳಕೆ 190ರ ಹತ್ತಿರ ತೂಗುತ್ತಿದ್ದರೆ ಈ 12 ಯೂನಿಟ್ ಸೇರಿ 200ರ ಗೆರೆ ದಾಟುತ್ತದೆ, ಪುಗಸಟ್ಟೆ ಹೋಗಿ ಪೂರ್ತಿ ಬಿಲ್ ಬರುತ್ತದೆ. ಮನೆ ಮಾಲೀಕರ ಜತೆ ಮೊದಲೇ ಮಾತಾಡಿಕೊಳ್ಳಲಿ.

ಕರೆಂಟು ಹೋಗುವುದು ಬೇರೆಯೇ ಕಥೆ. ಯಂತ್ರ ‘ರೆಸ್ಟ್ ಮೋಡ್’ನಲ್ಲಿ ನಿದ್ದೆ ಹೊಡೆಯುತ್ತಿರುವಾಗ ಅಥವಾ ಆಟ ನಕಲಾಗುತ್ತಿರುವಾಗ ಕರೆಂಟು ಹೋದರೆ ಒಳಗಿನ ಕಡತಗಳ ಪಟ್ಟಿ ಕೆಡಬಹುದು. ಆಗ ಕೆಟ್ಟೇಹೋಯಿತು ಎಂದು ಗಾಬರಿಯಾಗಿ ರಿಪೇರಿಗೆ ಓಡಬೇಡಿ. ಯಂತ್ರ ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಎರಡನೆಯ ಬೀಪ್ ಕೇಳುವವರೆಗೆ, ಸುಮಾರು ಏಳು ಸೆಕೆಂಡು, ಒತ್ತಿ ಹಿಡಿಯಬೇಕು. ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ಯುಎಸ್‌ಬಿ ವಯರಿನಲ್ಲಿ ಜೋಡಿಸಿ ‘ರೀಬಿಲ್ಡ್ ಡೇಟಾಬೇಸ್’ ಆರಿಸಿದರೆ ಬಹಳ ಸಲ ಸರಿಹೋಗುತ್ತದೆ. ಅದೇ ಪಟ್ಟಿಯಲ್ಲಿ ಎಲ್ಲವನ್ನೂ ಅಳಿಸುವ ‘ರೀಸೆಟ್’ ಕೂಡ ಇದೆ, ಕೈ ತಪ್ಪಿ ಅದನ್ನು ಒತ್ತಬಾರದು. 600 ವಿಎ ಯುಪಿಎಸ್ ಒಂದಿದ್ದರೆ ಆಟ ಉಳಿಸಿ ಆರಿಸುವಷ್ಟು ಹೊತ್ತು ಸಿಗುತ್ತದೆ.

ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗುಡುಗಿಗೆ ಪ್ಲಗ್ ಕಿತ್ತರೆ ಸಾಲದು, ಎಚ್‌ಡಿಎಂಐ ವಯರನ್ನೂ ಕೀಳಬೇಕು. ಟಿವಿಗೆ ಡಿಶ್ ಕೇಬಲ್ ಇರುತ್ತದೆ. ಸಿಡಿಲಿನ ಹೊಡೆತ ಅದರಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಹಿಡಿದು ಯಂತ್ರಕ್ಕೆ ಬರುತ್ತದೆ. ದೀಪ ಹತ್ತುತ್ತದೆ, ಚಿತ್ರ ಬರುವುದಿಲ್ಲ ಎಂದು ಮಳೆಗಾಲದ ಬಾಯಿಗೆ ರಿಪೇರಿಗೆ ಬರುವ ಯಂತ್ರಗಳಲ್ಲಿ ಎಷ್ಟೋ ಸಲ ಸುಟ್ಟಿರುವುದು ಎಚ್‌ಡಿಎಂಐಗೆ ಚಿತ್ರ ಕಳಿಸುವ ಚಿಪ್ಪು.

ಹುಬ್ಬಳ್ಳಿಯ ಧೂಳಿನ ಬಗ್ಗೆ ನಿಮಗೆ ಹೇಳಬೇಕೇ? ರಸ್ತೆ ಅಗೆಯುವುದು ಮುಗಿದ ದಿನ ಈ ಊರಿನಲ್ಲಿ ಯಾರೂ ನೋಡಿಲ್ಲ. ಯಂತ್ರವನ್ನು ಗಾಜಿನ ಶೋಕೇಸಿನಲ್ಲಿ ಇಡಬಾರದು, ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಇರಲಿ. ಎರಡು ಮೂರು ತಿಂಗಳಿಗೊಮ್ಮೆ ಆರಿಸಿ, ಹೊರಗಿನ ಪ್ಲೇಟು ಬಿಚ್ಚಿ, ವ್ಯಾಕ್ಯೂಮಿನಿಂದ ಧೂಳು ಎಳೆಯಬೇಕು. ಬ್ಲೋವರ್ ಹಿಡಿದರೆ ಧೂಳು ಇನ್ನಷ್ಟು ಒಳಗೆ ಹೋಗುತ್ತದೆ, ಫ್ಯಾನೂ ಗಿರಗಿರ ತಿರುಗಿ ಹಾಳಾಗುತ್ತದೆ. ಅದಕ್ಕಿಂತ ಒಳಗೆ ಕೈ ಹಾಕುವುದು ಬೇಡ. ಪ್ರೊಸೆಸರಿನ ಬಿಸಿ ಎಳೆಯಲು ಇದರಲ್ಲಿ ದ್ರವಲೋಹ ಹಾಕಿದ್ದಾರೆ. ಬಿಚ್ಚಿದಾಗ ಒಂದು ಹನಿ ಪಕ್ಕದ ಭಾಗಕ್ಕೆ ಹರಿದರೂ ಶಾರ್ಟ್ ಆಗಿ ಬೋರ್ಡ್ ಸತ್ತಂತೆ.

ಕೆಲ ವರ್ಷಕ್ಕೆ ಕಂಟ್ರೋಲರಿನ ಕಡ್ಡಿ ತಾನಾಗಿಯೇ ಒಂದು ಕಡೆ ಜಗ್ಗಲು ಶುರುವಾಗುತ್ತದೆ. ಒಳಗೆ ಉಜ್ಜುವ ಇಂಗಾಲದ ಪಟ್ಟಿ ಸವೆದಿರುತ್ತದೆ. ಹೊಸ ಕಂಟ್ರೋಲರಿಗೆ ಸುಮಾರು ಆರು ಸಾವಿರ. ಆ ಕಡ್ಡಿಯ ಬಿಡಿಭಾಗಕ್ಕೆ ನೂರಿನ್ನೂರು. ಬೆಸುಗೆ ಬಲ್ಲ ಮೊಬೈಲ್ ರಿಪೇರಿಯವರು ಹಾಕಿಕೊಡುತ್ತಾರೆ. ಹಾಕಿದ ಮೇಲೆ, ಕೈ ಬಿಟ್ಟಾಗ ಕಡ್ಡಿ ನಿಲ್ಲಬೇಕಾದ ನಡುಬಿಂದು ಸರಿಮಾಡಿ ಕೊಟ್ಟಿದ್ದಾರೋ ಎಂದು ಅಲ್ಲೇ ನೋಡಿಕೊಳ್ಳಬೇಕು. ಎಷ್ಟೋ ಜನ ಅದೊಂದನ್ನು ಮಾಡದೆ ‘ಪಾರ್ಟ್ ಡುಪ್ಲಿಕೇಟ್ ಇತ್ತು’ ಎಂದು ಕೈ ತೊಳೆದುಕೊಳ್ಳುತ್ತಾರೆ.

ಮತ್ತೆ ಡಿಸ್ಕಿಗೆ ಬರುತ್ತೇನೆ, ಏಕೆಂದರೆ ಇದು ಆಟದ ಮಾತಷ್ಟೇ ಅಲ್ಲ. ಬ್ಯಾಡಗಿ ಸೀಮೆಯ ರೈತರು ಕಡ್ಡಿ ಮೆಣಸಿನಕಾಯಿಯ ಬೀಜವನ್ನು ತಮ್ಮ ಹಣ್ಣಿನಿಂದಲೇ ತೆಗೆದಿಟ್ಟು ಮುಂದಿನ ವರ್ಷ ಬಿತ್ತುತ್ತಿದ್ದರು, ಬೀಗರಿಗೂ ಕೊಡುತ್ತಿದ್ದರು. ಹೈಬ್ರಿಡ್ ಬಂದ ಮೇಲೆ ಇಳುವರಿ ಹೆಚ್ಚಿತು, ಆದರೆ ಪ್ರತಿ ವರ್ಷ ಪಾಕೀಟಿಗೆ ರೊಕ್ಕ ಎಣಿಸಬೇಕಾಯಿತು. ಡಿಸ್ಕ್ ಇಲ್ಲದ ಯಂತ್ರ ನನಗೆ ಆ ಪಾಕೀಟಿನ ಹಾಗೆಯೇ ಕಾಣುತ್ತದೆ. ಪೂರ್ತಿ ಬೆಲೆ ತಗೊಂಡು ಕೊಡುವುದು ಆಡುವ ಪರವಾನಗಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಮಾಡಿದ್ದಾರೆ: 2025ರ ಜನವರಿಯಿಂದ, ಡಿಜಿಟಲ್ ಸರಕು ಮಾರುವವರು ಇದು ಬರೀ ಪರವಾನಗಿ ಎಂದು ಕೊಳ್ಳುವವರಿಗೆ ತಿಳಿಸಲೇಬೇಕು. ನಮ್ಮಲ್ಲಿ ಆ ಸೌಜನ್ಯವೂ ಇಲ್ಲ. 2009ರಲ್ಲಿ ಅಮೆಜಾನ್ ತನ್ನ ಓದುಗರು ದುಡ್ಡು ಕೊಟ್ಟು ಕೊಂಡ ಕೆಲವು ಪುಸ್ತಕಗಳನ್ನು ಅವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರಗಳಿಂದ ರಾತ್ರೋರಾತ್ರಿ ಅಳಿಸಿ ಹಣ ವಾಪಸು ಮಾಡಿತ್ತು. ಧಾರವಾಡದ ಸುಭಾಷ್ ರಸ್ತೆಯಲ್ಲಿ ಕೊಂಡ ಪುಸ್ತಕವನ್ನು ಅಂಗಡಿಯವರು ರಾತ್ರಿ ಮನೆಗೆ ಬಂದು ಒಯ್ದರೆ ನೀವು ಸುಮ್ಮನಿರುತ್ತೀರಾ? 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಎರಡು ಹಳೆ ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಈಗ ನ್ಯಾಯವಾಗಿ ಕೊಳ್ಳುವ ದಾರಿಯೇ ಇಲ್ಲ. ಇದನ್ನೆಲ್ಲ ‘ಕಾಲ ಬದಲಾಗಿದೆ’ ಎಂದು ಒಪ್ಪಿಕೊಳ್ಳುವ ಶಾಣ್ಯಾ ಜನರೇ, ಮನೆ ಬಾಡಿಗೆ ಐನೂರು ಏರಿಸಿದರೆ ಓಣಿ ಕೂಡಿಸುತ್ತಾರೆ.

ಡಿಸ್ಕಿದ್ದರೂ ಎಲ್ಲ ಕೈಯಲ್ಲಿದೆ ಎಂದಲ್ಲ. 2022ರ ‘ಕಾಲ್ ಆಫ್ ಡ್ಯೂಟಿ’ ಆಟದ ಪ್ಲೇಸ್ಟೇಷನ್ 5 ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ, ಮಿಕ್ಕಿದ್ದೆಲ್ಲ ಡೌನ್‌ಲೋಡ್. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ‘ದಿ ಕ್ರೂ’ ಆಟದ ಸರ್ವರ್ ಆರಿಸಿದಾಗ ಡಿಸ್ಕ್ ಇಟ್ಟುಕೊಂಡವರೂ ಆಡಲಾರದೆ ಕೂತರು. ಆ ಸಿಟ್ಟಿನಿಂದ ಯುರೋಪಿನಲ್ಲಿ ಶುರುವಾದ ಸಹಿ ಸಂಗ್ರಹ 2025ರ ಜುಲೈನಲ್ಲಿ ಹತ್ತು ಲಕ್ಷ ದಾಟಿತು. ಆದ್ದರಿಂದ ಡಿಸ್ಕ್ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಲಿ. ಇಂಟರ್ನೆಟ್ ಇದ್ದರೆ ಮಾತ್ರ ಓಡುವ ಆಟಕ್ಕೆ ಪೂರ್ತಿ ಬೆಲೆ ಕೊಡುವುದು ಬೇಡ.

ಕೊಳ್ಳುವ ದಿನ ಮಗನ ಜತೆ ನೀವೂ ಹೋಗಿ, ಯಾರದಾದರೂ ಒಂದು ಡಿಸ್ಕ್ ಒಯ್ಯಿರಿ. ಅಂಗಡಿಯಲ್ಲೇ ಯಂತ್ರ ಹಚ್ಚಿಸಿ ಡಿಸ್ಕ್ ಒಳಗೆ ಹೋಗಿ ಹೊರಗೆ ಬರುವುದನ್ನು ಎರಡು ಸಲ ನೋಡಿ. ಕರಕರ ಸದ್ದು ಬಂದರೆ ಬೇರೆ ಪೀಸ್ ಕೇಳಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಒಂದು ವರ್ಷದ ವಾರಂಟಿಗೆ ಅದೇ ಆಧಾರ. ಎರಡನೆಯ ಕಂಟ್ರೋಲರ್ ಈಗಲೇ ಬೇಡ. ಆನ್‌ಲೈನ್ ಆಡಲು ಕಟ್ಟುವ ವರ್ಷದ ಚಂದಾ ಕೂಡ ಮೊದಲ ಆರು ತಿಂಗಳು ಬೇಡ. ಉಚಿತ ಆಟಗಳನ್ನು ಅದಿಲ್ಲದೆಯೂ ಆನ್‌ಲೈನ್ ಆಡಬಹುದು. ನಿಮ್ಮ ಬ್ಯಾಂಕ್ ಕಾರ್ಡಿನ ನಂಬರನ್ನು ಯಂತ್ರದಲ್ಲಿ ಉಳಿಸಬೇಡಿ. ಫುಟ್‌ಬಾಲ್ ಆಟದೊಳಗೆ ಆಟಗಾರರ ಪಾಕೀಟು ಮಾರುತ್ತಾರೆ, ಒಂದೊಂದಕ್ಕೆ ನೂರಾರು ರೂಪಾಯಿ. ಅದಕ್ಕೆ ದುಡ್ಡು ಬೇಕೆಂದರೆ ಮಗ ಆ ತಿಂಗಳ ತನ್ನ ಖರ್ಚಿನಲ್ಲೇ ಹಾಕಿಕೊಳ್ಳಲಿ.

— ಸಂ.